ಮೇಡಂ ಕೂತಲ್ಲಿ ಕಳ್ಳ

ನಮ್ಮಣ್ಣ ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿದ. ಅದರಲ್ಲಿ ಇಪ್ಪತ್ತು ವರ್ಷ ನಾಯಿಯ ಹಿಂದೆ ಓಡಿದ. ಕೊನೆಯ ನಾಯಿ ಅವನಿಗಿಂತ ಒಂದು ದರ್ಜೆ ಮೇಲಿತ್ತು. ತಮಾಷೆಗೆ ಹೇಳುತ್ತಿಲ್ಲ. ಹಗ್ಗ ಹಿಡಿದವನಿಗಿಂತ ನಾಯಿಗೆ ಒಂದು ಮೆಟ್ಟಿಲು ಮೇಲಿನ ದರ್ಜೆ ಕೊಡುವುದು ಅವರಲ್ಲಿ ರೂಢಿ. ಸಿಟ್ಟಿನಲ್ಲಿ ಒಂದೇಟು ಹಾಕಿದರೂ ಮೇಲಧಿಕಾರಿಯ ಮೇಲೆ ಕೈ ಮಾಡಿದ ಹಾಗಾಗುತ್ತದಂತೆ. ಹಾಗಾಗಿ ಅಣ್ಣ ಆ ಕಂದು ಬಣ್ಣದ ಹೆಣ್ಣುನಾಯಿಯನ್ನು ಮೊದಲ ದಿನದಿಂದಲೂ ‘ಮೇಡಂ’ ಎಂದೇ ಕರೆದ. ಅತ್ತಿಗೆ ಬದುಕಿದ್ದಾಗ ಅವಳನ್ನು ಒಂದು ದಿನವೂ ಅಷ್ಟು ಮರ್ಯಾದೆಯಿಂದ ಕರೆದದ್ದು ನಾನು ಕೇಳಿಲ್ಲ.

ಮೇಡಂ ಕಳ್ಳರನ್ನು ಹಿಡಿಯುವ ನಾಯಿ. ಕಳ್ಳತನವಾದ ಜಾಗದಲ್ಲಿ ಒಂದು ಬಟ್ಟೆಯನ್ನೋ ದಿಂಬನ್ನೋ ಮೂಸಿಸುತ್ತಾರೆ, ಜನರನ್ನು ಸಾಲಾಗಿ ನಿಲ್ಲಿಸುತ್ತಾರೆ, ನಾಯಿ ಒಬ್ಬೊಬ್ಬರನ್ನೇ ದಾಟುತ್ತಾ ಹೋಗಿ ಒಬ್ಬನ ಮುಂದೆ ಕೂರುತ್ತದೆ. ಬೊಗಳುವುದಿಲ್ಲ, ಕಚ್ಚುವುದಿಲ್ಲ, ಕೂರುತ್ತದೆ ಅಷ್ಟೇ. ನಲವತ್ತೊಂದು ಕೇಸುಗಳಲ್ಲಿ ಮೇಡಂ ಹಾಗೆ ಕೂತಿದ್ದಳು. ಪದಕ ಬಂತು, ಪತ್ರಿಕೆಯಲ್ಲಿ ಫೋಟೋ ಬಂತು. ಫೋಟೋದಲ್ಲಿ ಅಣ್ಣನ ಮಂಡಿಯವರೆಗೆ ಮಾತ್ರ ಬಂದಿತ್ತು. ಆ ಮಂಡಿಯನ್ನೂ ಅವನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ.

ಅವಳಿಗೆ ಒಂಬತ್ತು ತುಂಬಿದಾಗ ಕೆಲಸದಿಂದ ಬಿಟ್ಟರು. ಆ ಆದೇಶದ ಕಾಗದ ನಾನು ಓದಿದ್ದೇನೆ. ‘ನಿರುಪಯುಕ್ತ ಸಾಮಗ್ರಿ’ ಎಂದು ತಲೆಬರಹ. ಹರಿದ ಡೇರೆ, ಕೆಟ್ಟ ಸೈಕಲ್ಲು, ಅದರ ಕೆಳಗೆ ‘ನಾಯಿ, ಹೆಣ್ಣು, ಒಂದು’. ಅಣ್ಣನೂ ಅದೇ ವರ್ಷ ನಿವೃತ್ತನಾದ. ಅವನನ್ನು ಆ ಪಟ್ಟಿಯಲ್ಲಿ ಸೇರಿಸಿರಲಿಲ್ಲ, ಅದೊಂದು ಪುಣ್ಯ.

ಪೊಲೀಸ್ ಲೈನಿನ ಹಿಂದೆ, ಕೆಟ್ಟ ಜೀಪುಗಳು ತುಕ್ಕು ಹಿಡಿಯುವ ಬಯಲಿನ ಪಕ್ಕದಲ್ಲಿ ಮುದಿ ನಾಯಿಗಳ ಶೆಡ್ಡು. ಏಳು ಕೋಣೆ, ಸಿಮೆಂಟಿನ ನೆಲ, ಕಬ್ಬಿಣದ ಬಾಗಿಲು, ಮಧ್ಯೆ ತೊಳೆದ ನೀರು ಹರಿಯಲು ಒಂದು ಕಾಲುವೆ. ಅದನ್ನು ನೋಡಿಕೊಳ್ಳುವ ಕೆಲಸವನ್ನು ಅಣ್ಣ ಕೇಳಿ ಪಡೆದ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದ್ದ ನನ್ನನ್ನು ಅಡಿಗೆಗೆ ಹಾಕಿಕೊಂಡರು. ಅನ್ನ, ಮಾಂಸ, ಒಂದಿಷ್ಟು ತರಕಾರಿ, ಉಪ್ಪಿಲ್ಲ. ಮೂರು ವರ್ಷ ಉಪ್ಪಿಲ್ಲದ ಅಡಿಗೆ ಮಾಡಿ ಮಾಡಿ ಮನೆಯ ಸಾರಿಗೂ ಉಪ್ಪು ಮರೆಯುತ್ತಿದ್ದೆ. ಅಣ್ಣ ತುಟಿ ಪಿಟಕ್ಕೆನ್ನದೆ ತಿನ್ನುತ್ತಿದ್ದ.

ಆ ನಾಯಿಗಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಆಟ ಅಂದರೇನೆಂದು ಅವಕ್ಕೆ ಯಾರೂ ಕಲಿಸಿರಲಿಲ್ಲ. ಒಂದಕ್ಕೆ ‘ತಿನ್ನು’ ಎಂದು ಹೇಳದಿದ್ದರೆ ತಟ್ಟೆಯ ಮುಂದೆ ಜೊಲ್ಲು ಸುರಿಸಿಕೊಂಡು ಮಧ್ಯಾಹ್ನದವರೆಗೂ ನಿಂತಿರುತ್ತಿತ್ತು. ಇನ್ನೊಂದು ದೊಡ್ಡ ಗಂಡು ನಾಯಿಗೆ ಸೊಂಟ ಬಿದ್ದುಹೋಗಿತ್ತು. ಅಣ್ಣ ಅದರ ಹೊಟ್ಟೆಯ ಕೆಳಗೆ ಟವೆಲ್ಲು ತೂರಿಸಿ, ಹಿಂಭಾಗವನ್ನು ಎತ್ತಿ ಹಿಡಿದು, ದಿನಕ್ಕೆ ನಾಲ್ಕು ಸಲ ಬಯಲಿಗೆ ನಡೆಸುತ್ತಿದ್ದ. ದಾರಿಯಲ್ಲಿ ಯಾವುದಾದರೂ ಜೀಪು ಸ್ಟಾರ್ಟ್ ಆದರೆ ಸಾಕು, ಆ ನಾಯಿ ಟವೆಲ್ಲಿನಲ್ಲೇ ನೇತಾಡುತ್ತಾ ಅದರ ಕಡೆ ಎಳೆಯುತ್ತಿತ್ತು. ದುಡಿಸಿಕೊಂಡವರು ಒಬ್ಬರೂ ಇತ್ತ ತಲೆ ಹಾಕಲಿಲ್ಲ.

ಮೇಡಂ ಮಾತ್ರ ಬೇರೆ. ಅವಳಿಗೆ ಅಣ್ಣ ಒಬ್ಬನಿದ್ದರೆ ಲೋಕವೇ ಇದ್ದ ಹಾಗೆ. ಬೇಯಿಸಿ ಹಾಕುವವಳು ನಾನು, ಕಿವಿಗೆ ಎಣ್ಣೆ ಬಿಡುವವಳು ನಾನು, ಆದರೂ ನನ್ನನ್ನು ಗೋಡೆಯ ಹಾಗೆ ನೋಡುತ್ತಿದ್ದಳು. “ಏನೇ, ಒಂದ್ಸಲ ಬಾಲ ಆಡಿಸಿದ್ರೆ ನಿನ್ನ ದರ್ಜೆ ಇಳಿದುಹೋಗುತ್ತಾ?” ಎಂದು ದಿನವೂ ಬಯ್ಯುತ್ತಿದ್ದೆ.

ಬೆಳಿಗ್ಗೆ ಊಟಕ್ಕೆ ಮೊದಲು ಅಣ್ಣ ಅವಳನ್ನು ಗೆಲ್ಲಿಸುತ್ತಿದ್ದ. ಅದು ಅವರ ಕಸುಬಿನ ಮಾತು. ಮೂಸುವ ನಾಯಿಗೆ ಬಹಳ ದಿನ ಏನೂ ಸಿಗದಿದ್ದರೆ ಮಂಕಾಗಿಬಿಡುತ್ತದೆ. ಅದಕ್ಕೆ ತಾವೇ ಏನನ್ನಾದರೂ ಬಚ್ಚಿಟ್ಟು, ಹುಡುಕಿಸಿ, ಬೆನ್ನು ತಟ್ಟುತ್ತಾರೆ. ಐದು ಪ್ಲಾಸ್ಟಿಕ್ ಬಕೆಟ್ಟುಗಳನ್ನು ಬೋರಲು ಹಾಕಿ ಒಂದರ ಕೆಳಗೆ ರಬ್ಬರ್ ಚೆಂಡು ಇಡುತ್ತಿದ್ದ. ಮೇಡಂ ಸಾಲಿನ ಉದ್ದಕ್ಕೂ ನಡೆದು ಸರಿಯಾದ ಬಕೆಟ್ಟಿನ ಮುಂದೆ ಕೂರುತ್ತಿದ್ದಳು. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

ಅವಳಿಗೆ ಹನ್ನೆರಡಾದಾಗ ಒಂದು ವಿಚಿತ್ರ ಗಮನಿಸಿದೆ. ತಟ್ಟೆಯನ್ನು ಒಂದು ಮೊಳ ಪಕ್ಕಕ್ಕೆ ಇಟ್ಟರೆ ಅವಳಿಗೆ ಸಿಗುತ್ತಿರಲಿಲ್ಲ. ವಯಸ್ಸಾದ ಕಣ್ಣಿಗೆ ದೂರದ್ದು ಕಂಡರೂ ಹತ್ತಿರದ್ದು ಮಂಜು, ಅದು ಸರಿ; ಆದರೆ ಬಿಸಿ ಮಾಂಸ ಮೂಗಿನ ಕೆಳಗೇ ಇದ್ದರೂ ಎತ್ತಲೋ ನೋಡುತ್ತಾ ನಿಂತಿರುತ್ತಿದ್ದಳು. ಎಡ ಮೂಗಿನಲ್ಲಿ ಕೆಂಪು ನೀರು ಸೋರುತ್ತಿತ್ತು. ವಾರಕ್ಕೊಮ್ಮೆ ಬರುವ ಡಾಕ್ಟರಮ್ಮ ಹೊಸಬರು, ಚಿಕ್ಕ ವಯಸ್ಸಿನವರು, ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಸ್ವಭಾವದವರು. ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದರು. ಶೆಡ್ಡಿಗೆ ಮರಳಿ ಚಿತ್ರವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಮೇಲಿನ ಹಲ್ಲಿನ ಬೇರು ಕೊಳೆತು, ಮೂಗಿನೊಳಗಿನ ಮೂಳೆಯನ್ನ ಎರಡೂ ಕಡೆ ತಿಂದುಹಾಕಿದೆ. ಈ ಮೂಗು ಸತ್ತು ಕಡಿಮೆ ಅಂದ್ರೂ ಏಳು ವರ್ಷ ಆಗಿರ್ಬೇಕು. ಮೊದಲು ಯಾವತ್ತಾದ್ರೂ ರಕ್ತ ಬಂದಿತ್ತಾ?”

“ಇಲ್ಲ” ಅಂದ ಅಣ್ಣ. ಆಮೇಲೆ ಗೋಡೆಗೊರಗಿ ಕೂತುಬಿಟ್ಟ. “ಬಂದಿತ್ತು. ಒಂದು ಇಡೀ ಮಳೆಗಾಲ ಬಂತು. ಕರ್ಚೀಫಲ್ಲಿ ಒರೆಸಿ, ಶೀತ ಅಂತ ಬರೆಸಿದೆ. ರಕ್ತ ಅಂತ ಗೊತ್ತಾದ್ರೆ ಅವಳನ್ನ ಆವತ್ತೇ ಕೆಲಸದಿಂದ ತೆಗೀತಿದ್ರು. ನನ್ನಿಂದ ಬೇರೆ ಮಾಡ್ತಿದ್ರು.”

“ಏಳು ವರ್ಷದಿಂದ ಮೂಗಿಲ್ದೆ ಇದ್ರೆ, ದಿನಾ ಚೆಂಡು ಹೇಗೆ ಹುಡುಕ್ತಾಳೆ?” ಎಂದು ಕೇಳಿದವಳು ನಾನು. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಡಾಕ್ಟರಮ್ಮ ಐದೂ ಬಕೆಟ್ಟು ಬೋರಲು ಹಾಕಿಸಿದರು. ನಮ್ಮಿಬ್ಬರನ್ನೂ ಮೇಡಂ ಜೊತೆ ಹೊರಗೆ ಕಳಿಸಿ, ತಾವೇ ಚೆಂಡು ಬಚ್ಚಿಟ್ಟು, ಜೀಪುಗಳ ಹಿಂದೆ ಹೋಗಿ ಮರೆಯಾದರು. ಯಾವ ಬಕೆಟ್ಟು ಎಂದು ಅಣ್ಣನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೇಡಂ ಸಾಲಿನ ಕೊನೆಯವರೆಗೆ ಹೋದಳು, ತಿರುಗಿ ಬಂದಳು, ಅಣ್ಣನ ಮುಖ ನೋಡಿದಳು. ಎರಡನೆಯದರ ಮುಂದೆ ಕೂತಳು. ಕೆಳಗೆ ಏನೂ ಇರಲಿಲ್ಲ. ಹೀಗೆ ನಾಲ್ಕು ಸಲ. ನಾಲ್ಕನೆಯ ಸಲ ಅಣ್ಣ ನನ್ನ ಕಿವಿಯಲ್ಲಿ, “ಈ ಸಲ ಮೂರನೇದೇ ಇರ್ಬೇಕು” ಅಂದ. ಮೇಡಂ ಹೋಗಿ ಮೂರನೆಯದರ ಮುಂದೆ ಕೂತಳು. ಚೆಂಡು ಐದನೆಯದರ ಕೆಳಗಿತ್ತು.

ಅಲ್ಲಿಗೆ ಎಲ್ಲ ಬಯಲಾಯಿತು. ಅಣ್ಣ ಯಾವುದನ್ನು ನಂಬುತ್ತಾನೋ ಅದರ ಮುಂದೆ ಅವಳು ಕೂರುತ್ತಾಳೆ. ಅವನು ಉಸಿರು ಹಿಡಿದದ್ದು, ಹಗ್ಗದ ಮೇಲೆ ಬೆರಳು ಬಿಗಿದದ್ದು ಅವನಿಗೇ ತಿಳಿಯದು, ಅವಳಿಗೆ ತಿಳಿಯುತ್ತದೆ. ಅವಳು ಮೋಸ ಮಾಡಿರಲಿಲ್ಲ. ಅವನನ್ನು ಖುಷಿಪಡಿಸುವುದೇ ತನ್ನ ಕೆಲಸ ಅಂದುಕೊಂಡಿದ್ದಳು.

ಅಣ್ಣ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ, “ಲಿಫ್ಟಿನವನು” ಅಂದ.

ಆ ಕೇಸು ನನಗೂ ನೆನಪಿತ್ತು. ಐದು ವರ್ಷದ ಹಿಂದಿನ ಮಾತು. ದೊಡ್ಡ ಆಸ್ಪತ್ರೆಯಲ್ಲಿ ಸತ್ತ ಹೆಂಗಸೊಬ್ಬಳನ್ನು ಕೆಳಗಿನ ಶವಾಗಾರಕ್ಕೆ ಇಳಿಸುವಷ್ಟರಲ್ಲಿ ಕೊರಳ ಸರ ಮಾಯವಾಗಿತ್ತು. ಹತ್ತೊಂಬತ್ತು ಜನ ನೌಕರರನ್ನು ಸಾಲಾಗಿ ನಿಲ್ಲಿಸಿದರು. ಮೇಡಂ ಲಿಫ್ಟು ನಡೆಸುವವನ ಮುಂದೆ ಕೂತಳು. ಸರ ಕೊನೆಗೂ ಸಿಗಲಿಲ್ಲ. ಕೆಲಸ ಹೋಯಿತು, ಒಂದು ವರ್ಷ ಜೈಲಾಯಿತು. ಸತ್ತವಳ ಕೊರಳಿಗೆ ಕೈ ಹಾಕಿದವನು ಎಂದು ಜನ ಅವನ ಮುಖಕ್ಕೆ ಉಗಿದರು. ನಾನೂ ಮನೆಯಲ್ಲಿ ಕೂತು, “ಅವನ ಕೈಗೆ ಹುಳ ಬೀಳ” ಅಂದಿದ್ದೆ.

“ಸಾಲು ನಿಲ್ಲಿಸೋಕೆ ಮುಂಚೆ ಇನ್ಸ್‌ಪೆಕ್ಟರು ನನ್ನ ಪಕ್ಕ ಬಂದು, ‘ಲಿಫ್ಟಿನವನ ಮೇಲೆ ಒಂದು ಕಣ್ಣಿಡಪ್ಪಾ’ ಅಂದ್ರು” ಎಂದು ಅಣ್ಣ ಹೇಳಿದ. “ಅಷ್ಟೇ. ಅಷ್ಟೇ ಹೇಳಿದ್ದು. ನಾನು ಅವನ ಹತ್ರ ಬಂದಾಗ ಉಸಿರು ಹಿಡಿದಿರ್ತೀನಿ.”

ನಾನು ಕೆಂಡಾಮಂಡಲವಾದೆ. ಇಪ್ಪತ್ತು ವರ್ಷ ನಾಯಿ ಹಿಡಿದು ನಿನಗೆ ಇಷ್ಟೂ ತಿಳಿಯಲಿಲ್ಲವೇ, ನಿನ್ನ ಮುಖ ನಿನ್ನ ಹಿಡಿತದಲ್ಲಿಲ್ಲದಿದ್ದರೆ ಇನ್ನೊಬ್ಬರ ಬದುಕು ಯಾಕೆ ಹಿಡಿದೆ ಎಂದು ಬಾಯಿಗೆ ಬಂದ ಹಾಗೆ ಬಯ್ದೆ. 

ಆ ಕೇಸನ್ನು ಮತ್ತೆ ತೆಗೆಯಿರಿ ಎಂದು ಅಣ್ಣ ಅರ್ಜಿ ಬರೆದುಕೊಂಡು ದೊಡ್ಡ ಸಾಹೇಬರ ಹತ್ತಿರ ಹೋದ. ಸಾಹೇಬರು ಓದಿ, ಮಡಚಿ, ಅವನ ಜೇಬಿಗೇ ತುರುಕಿದರು. “ನಾಯಿ ಕೂತಿರೋದು ನಲವತ್ತೊಂದು ಕೇಸಲ್ಲಿ. ಒಂದು ಎಳೆ ಎಳೆದ್ರೆ ಅಷ್ಟೂ ಬಿಚ್ಚಿಕೊಳ್ಳುತ್ತೆ. ವಯಸ್ಸಾಯ್ತು ನಿಮಗೆ, ಮನೆಗೆ ಹೋಗಿ ರೆಸ್ಟ್ ತಗೊಳ್ಳಿ” ಅಂದರು. ಮುಂದಿನ ವಾರದಿಂದ ಶೆಡ್ಡಿಗೆ ಬೇರೆ ಡಾಕ್ಟರು ಬರತೊಡಗಿದರು. ಅವರು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ.

ಅಣ್ಣ ಲಿಫ್ಟಿನವನ ಮನೆ ಹುಡುಕಿಕೊಂಡು ಹೊರಟ. ಒಬ್ಬನನ್ನೇ ಬಿಡಲು ಧೈರ್ಯ ಸಾಲದೆ ನಾನೂ ಹೋದೆ. ಇಕ್ಕಟ್ಟಾದ ಬೀದಿ, ಒಂದರ ಗೋಡೆ ಇನ್ನೊಂದಕ್ಕೆ ತಾಗಿದ ಮನೆಗಳು. ಬಾಗಿಲ ಮುಂದೆ ಗೋಣಿಚೀಲ ಹಾಸಿಕೊಂಡು ಅವನು ಟೇಬಲ್ ಫ್ಯಾನ್ ಒಂದನ್ನು ಬಿಚ್ಚುತ್ತಿದ್ದ. ಐವತ್ತರ ಆಸುಪಾಸು, ತೆಳ್ಳಗಿನ ಮೈ, ಯಾರಿಗೋ ದಾರಿ ಬಿಡುವವನ ಹಾಗೆ ಸದಾ ಒಂದು ಪಕ್ಕಕ್ಕೆ ಸರಿದು ಕೂರುವ ಅಭ್ಯಾಸ. ಅಣ್ಣನನ್ನು ಕಂಡೊಡನೆ ಎದ್ದು ನಿಂತ. ಗುರುತು ಸಿಕ್ಕಿತ್ತು.

ಅಣ್ಣ ಎಲ್ಲವನ್ನೂ ಹೇಳಿದ. ರಕ್ತ ಒರೆಸಿದ್ದು, ಶೀತ ಎಂದು ಬರೆಸಿದ್ದು, ಇನ್ಸ್‌ಪೆಕ್ಟರು ಪಿಸುಗುಟ್ಟಿದ್ದು. ಅವನು ಕಪಾಳಕ್ಕೆ ಹೊಡೆಯುತ್ತಾನೆ ಎಂದೇ ನಾನು ಕಾಯುತ್ತಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವನು ಸ್ಕ್ರೂ ಡ್ರೈವರನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಹೇಳಿದ. “ಸಾರ್, ಕೆಲಸ ವಾಪಸ್ ಬರಲ್ಲ, ಅದು ನಂಗೂ ಗೊತ್ತು. ಜೈಲೂ ಮುಗೀತು. ಇದನ್ನ ನನ್ನ ಹೆಂಡ್ತಿಗೆ ಹೇಳ್ತೀರಾ? ನಾನು ಜೈಲಿಂದ ಬಂದ ದಿನ ಅವಳು ಒಂದೇ ಮಾತು ಹೇಳಿದ್ಲು. ‘ಜನ ಸುಳ್ಳು ಹೇಳ್ತಾರೆ, ಪೊಲೀಸ್ರೂ ಹೇಳ್ತಾರೆ, ನಾಯಿ ಯಾಕೆ ಹೇಳುತ್ತೆ? ತಗೊಂಡೆ ಅಂತ ನನ್ನ ಹತ್ರ ಒಪ್ಕೊಳ್ಳಿ, ಕ್ಷಮಿಸ್ತೀನಿ. ಅಲ್ಲೀವರೆಗೂ ಮಾತಿಲ್ಲ’ ಅಂತ. ನಾಲ್ಕು ವರ್ಷ ಆಯ್ತು. ತಟ್ಟೆ ತಂದಿಡ್ತಾಳೆ, ಬಟ್ಟೆ ಒಗೆದು ಹಾಕ್ತಾಳೆ. ಮಾತಿಲ್ಲ.”

ಹೆಂಡತಿ ಬಾಗಿಲ ಹಿಂದೆಯೇ ನಿಂತಿದ್ದಳು. ಅಣ್ಣ ಹೇಳಿದ್ದನ್ನು ಮತ್ತೊಮ್ಮೆ ಕೇಳಿಸಿಕೊಂಡಳು. ಗಂಡನತ್ತ ನೋಡಲಿಲ್ಲ. “ಬಾಯಲ್ಲಿ ಯಾರು ಏನು ಬೇಕಾದ್ರೂ ಹೇಳ್ಬಹುದು ಅಣ್ಣಾ. ಆವತ್ತು ನಾಯಿ ಕೂತಿದ್ದನ್ನ ಹತ್ತೊಂಬತ್ತು ಜನ ನೋಡಿದ್ರು” ಅಂದಳು. ಕೆಟ್ಟ ಹೆಂಗಸಲ್ಲ. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ನಾಲ್ಕು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಅವಳೂ ಸೊರಗಿದ್ದಳು.

“ಹಾಗಾದ್ರೆ ನೋಡೇ ನಂಬು. ಬರೋ ಭಾನುವಾರ ನಾಯೀನ ಇಲ್ಲಿಗೇ ಕರ್ಕೊಂಡು ಬರ್ತೀವಿ. ಅದಕ್ಕೆ ಮೂಗಿಲ್ಲ ಅಂತ ನಿನ್ನ ಕಣ್ಣೆದುರಿಗೇ ತೋರಿಸ್ತೀವಿ” ಅಂದೆ. ಹೇಳಿದವಳು ನಾನೇ. ಲಿಫ್ಟಿನವನು ನನಗೆ ಕೈ ಮುಗಿದ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಮೇಡಂಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆವು. ಸುದ್ದಿ ಹೇಗೆ ಹಬ್ಬಿತೋ, ಬೀದಿಯ ಅರ್ಧ ಜನ ಹೊರಗೆ ಬಂದು ನಿಂತಿದ್ದರು. ನನಗೆ ಒಳಗೊಳಗೇ ಸಂತೋಷವಾಯಿತು. ಹತ್ತಾರು ಜನರ ಮುಂದೆ ಹೋದ ಮಾನ ಹತ್ತಾರು ಜನರ ಮುಂದೆಯೇ ವಾಪಸ್ಸು ಬರಲಿ ಅಂದುಕೊಂಡೆ. ಹೆಂಡತಿ ಅಕ್ಕಪಕ್ಕದ ಮನೆಗಳಿಂದ ಐದು ಬಕೆಟ್ಟು ತಂದು ತಾನೇ ಸಾಲಾಗಿಟ್ಟಳು. ಮೇಡಂ ಮಂಜುಗಟ್ಟಿದ ಕಣ್ಣಿನಿಂದ ಜನರ ಸಾಲನ್ನು ನೋಡಿದಳು. ಬೆನ್ನು ನೆಟ್ಟಗಾಯಿತು. ಮೂರು ವರ್ಷದ ಮೇಲೆ ಅವಳಿಗೆ ಡ್ಯೂಟಿ ಸಿಕ್ಕಿತ್ತು.

ಅಣ್ಣ ಹಗ್ಗ ಬಿಚ್ಚಿ ಜನರಿಗೆಲ್ಲ ಹೇಳಿದ. “ಇದು ವಾಸನೆ ಹಿಡಿಯಲ್ಲ, ನನ್ನ ಮುಖ ಓದುತ್ತೆ. ನಾನು ಗೋಡೆ ಕಡೆ ತಿರುಗಿ ನಿಲ್ತೀನಿ. ನನ್ನ ಮುಖ ಕಾಣದಿದ್ರೆ ಇದಕ್ಕೆ ಏನೂ ಗೊತ್ತಾಗಲ್ಲ, ನೋಡಿ.” ಮೇಡಂಳನ್ನು ತಿರುವಿನಾಚೆ ಕರೆದುಕೊಂಡು ಹೋದ. ಎಲ್ಲರಿಗೂ ಬೆನ್ನು ತಿರುಗಿಸಲು ಹೇಳಿ, ನಾಲ್ಕನೆಯ ಬಕೆಟ್ಟಿನ ಕೆಳಗೆ ಚೆಂಡು ಇಟ್ಟವಳು ನಾನು. ಇಟ್ಟು, ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಡಾಕ್ಟರಮ್ಮ ಜೀಪಿನ ಹಿಂದೆ ಯಾಕೆ ಹೋಗಿದ್ದರು ಎಂಬುದು ನನ್ನ ಮೊದ್ದು ತಲೆಗೆ ಹೊಳೆಯಲೇ ಇಲ್ಲ. ಆ ನಾಯಿ ನನ್ನನ್ನು ಎಂದು ನೋಡಿತ್ತು, ಇಂದು ನೋಡಲಿಕ್ಕೆ?

ಅಣ್ಣ ಬಂದು ಗೋಡೆಗೆ ಮುಖ ಮಾಡಿ ನಿಂತ. ಮೇಡಂ ನಡೆದಳು. ಒಂದು, ಎರಡು, ಮೂರು. ಅಣ್ಣನತ್ತ ತಿರುಗಿದಳು, ಬೆನ್ನು ಕಂಡಿತು. ಗೊಂದಲದಿಂದ ಎರಡು ಹೆಜ್ಜೆ ಹಿಂದೆ ಇಟ್ಟಳು. ಆಮೇಲೆ ಕತ್ತೆತ್ತಿ ನೆಟ್ಟಗೆ ನನ್ನ ಮುಖ ನೋಡಿದಳು. ಮೂರು ವರ್ಷದಲ್ಲಿ ಮೊದಲ ಸಲ.  ಕಣ್ಣು ಬೇರೆಡೆ ತಿರುಗಿಸಬೇಕು ಅಂದುಕೊಳ್ಳುವಷ್ಟರಲ್ಲಿ ಅವಳು ನಾಲ್ಕನೆಯದರ ಮುಂದೆ ಹೋಗಿ ಕೂತಾಗಿತ್ತು.

ಯಾರೋ ಬಕೆಟ್ಟು ಎತ್ತಿದರು. ಬೀದಿಯೆಲ್ಲ ಚಪ್ಪಾಳೆ.

“ನನ್ನ ಮುಖ ನೋಡಿ ಕೂತಿದ್ದು ಅದು! ನನ್ನ ಮುಖ!” ಎಂದು ಕೂಗಿದೆ. “ಅಬ್ಬಾ, ನಿಮ್ಮ ಮುಖದಲ್ಲೂ ವಾಸನೆ ಹಿಡಿಯುತ್ತಾ ಅಮ್ಮಾ?” ಎಂದು ಒಬ್ಬ ನಗಿಸಿದ. ಅಣ್ಣ ಇನ್ನೊಂದು ಸಲ ಮಾಡೋಣ ಎಂದು ಬೇಡಿಕೊಂಡ. ನಾನು ಓಡಿಹೋಗಿ ಬೀದಿಯ ಕೊನೆಯಲ್ಲಿ ನಿಂತೆ. ಮೇಡಂಗೆ ಬಿಸಿಲು ತಡೆಯಲಾಗಲಿಲ್ಲ, ನೆಲದ ಮೇಲೆ ಮೈಚಾಚಿ ಮಲಗಿಬಿಟ್ಟಳು. “ಪಾಪ, ವಯಸ್ಸಾಗಿದೆ, ಸುಸ್ತಾಯ್ತು, ಬಿಡ್ರಪ್ಪಾ. ಈ ವಯಸ್ಸಲ್ಲೂ ಒಂದ್ಸಲಕ್ಕೇ ಹಿಡಿದುಬಿಡ್ತಲ್ಲ” ಎನ್ನುತ್ತಾ ಜನ ಚದುರಿದರು.

ನಾನು ವಾಪಸ್ಸು ಬಂದಾಗ ಹೆಂಡತಿ ಒಂದು ಬೋಗುಣಿಯಲ್ಲಿ ನೀರು ತಂದು ಮೇಡಂ ಮುಂದೆ ಇಡುತ್ತಿದ್ದಳು. ಇಟ್ಟು, ಅವಳ ತಲೆ ಸವರಿದಳು. ಆಮೇಲೆ ಎದ್ದು ನಿಂತು ಗಂಡನ ಕಡೆ ತಿರುಗಿದಳು. ನಾಲ್ಕು ವರ್ಷ ಅವನೆದುರು ಬಳಸದ ದನಿ ಗೊಗ್ಗರಾಗಿತ್ತು.

“ಈಗಲಾದ್ರೂ ಹೇಳಿ. ನೀವೇ ತಾನೆ ತಗೊಂಡಿದ್ದು?”

ಲಿಫ್ಟಿನವನು ಅವಳನ್ನೇ ನೋಡಿದ. ತನ್ನೊಂದಿಗೇ ಮಾತಾಡುತ್ತಿದ್ದಾಳೆ ಎಂದು ಅವನಿಗೆ ನಂಬಿಕೆ ಬರಲು ಒಂದು ಕ್ಷಣ ಹಿಡಿಯಿತು. “ಇಲ್ಲ ಕಣಮ್ಮಾ...” ಎಂದು ಅಣ್ಣ ಬಾಯಿ ತೆರೆದ. ಲಿಫ್ಟಿನವನು ಕೈ ಎತ್ತಿ ಅವನನ್ನು ತಡೆದ.

“ಹೂಂ” ಅಂದ.

“ಲಿಫ್ಟಲ್ಲೇನಾ?”

“ಹೂಂ.”

“ಮಕ್ಕಳ ಓದಿಗೆ ಅಂತಾನಾ?”

“ಹೂಂ, ಅದಕ್ಕೇ.”

“ಮಾರಿಬಿಟ್ರಾ?”

“ಹೂಂ.”

“ಯಾರಿಗೆ?”

ಅವನು ತಡವರಿಸಿದ. ಅವಳ ಮುಖದಲ್ಲಿ ಹುಡುಕಿದ. ಅಲ್ಲಿ ಯಾವ ಹೆಸರೂ ಸಿಗಲಿಲ್ಲ. “ನೆನಪಿಲ್ಲ” ಅಂದ.

ಅವಳಿಗೆ ಅಷ್ಟೇ ಸಾಕಾಯಿತು. ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅಳುತ್ತಲೇ ಅವನ ಅಂಗಿಯ ಮೇಲಿನ ಧೂಳು ಕೊಡವಿದಳು. “ಇದನ್ನ ಅವತ್ತೇ ಹೇಳಿದ್ರೆ ಆಗ್ತಿರ್ಲಿಲ್ವಾ? ಬನ್ನಿ ಒಳಗೆ. ಬಿಸಿಲಲ್ಲಿ ಎಷ್ಟೊತ್ತಿಂದ ನಿಂತಿದ್ದೀರಿ” ಅಂದಳು.

ಅವನು ಒಳಗೆ ಹೋಗುವ ಮುನ್ನ ನಮ್ಮ ಹತ್ತಿರ ಬಂದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನ್ನಿಂದ ತಡೆಯಲಾಗಲಿಲ್ಲ. “ಇನ್ನು ಯಾರ ಹತ್ರಾನೂ ಏನೂ ಹೇಳ್ಬೇಡಿ ಸಾರ್. ಮಾತಾಡಿದ್ಲಲ್ಲ” ಎಂದು ಹೇಳಿ ಅಣ್ಣನ ಎರಡೂ ಕೈ ಹಿಡಿದುಕೊಂಡ. ಆಮೇಲೆ ತಲೆ ಬಗ್ಗಿಸಿ ಬಾಗಿಲು ದಾಟಿದ. ಒಳಗಿನಿಂದ ಅವಳು ಅದು ಇದು ಎಂದು ಬಿಡದೆ ಮಾತಾಡುತ್ತಿದ್ದುದು ಕೇಳಿಸುತ್ತಿತ್ತು, ಅವನು ಎಲ್ಲದಕ್ಕೂ ಹೂಂಗುಟ್ಟುತ್ತಿದ್ದ.